ಹುಳುಮನೆಯ ಬಾಗಿಲಲ್ಲಿದ್ದ ನಾಯಿ

ಅವತ್ತು ಮಾಡಿದ ಕೆಲಸಗಳು ಇವು. ಎದ್ದ ಕೂಡಲೇ ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು ಡೈರಿಗೆ ಕೊಟ್ಟು ಬಂದೆ. ಹಿಂದಿನ ದಿನದ ಮುದ್ದೆ ಮಿಕ್ಕಿತ್ತು, ಮಜ್ಜಿಗೆಗೆ ಕಿವುಚಿ ಇಬ್ಬರೂ ಕುಡಿದೆವು. ಬುತ್ತಿಗೆ ಚಿತ್ರಾನ್ನ ಕಲಸಿದೆ. ಬ್ಲೀಚಿಂಗ್ ಪೌಡರಿನ ಡಬ್ಬದ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ, ಸುಣ್ಣವನ್ನು ಹಳೇ ಪಂಚೆಯಲ್ಲಿ ಸೋಸಿ ಬೇರೆ ಕಟ್ಟಿಕೊಂಡೆ. ಮೊಪೆಡ್ಡಿಗೆ ಪೆಟ್ರೋಲ್ ಹಾಕಿಸಿದೆವು. ಕಲ್ಯ ಊರಿನಿಂದಾಚೆ ಒಂದು ಹುಳುಮನೆಗೆ ಅರ್ಧ ಔಷಧಿ ಹೊಡೆದೆವು. ನಮ್ಮ ಯಜಮಾನರಿಗೆ ನಾಯಿ ಕಚ್ಚಿತು. ಮಾಗಡಿ ಆಸ್ಪತ್ರೆಗೆ ಹೋಗಿ ಬಂದೆವು. ಮಿಕ್ಕ ಅರ್ಧ ಮನೆಗೆ ನಾನು ಹೊಡೆದೆ. ಸಂಜೆ ಮತ್ತೆ ಹಸು, ಹಾಲು, ಒಲೆ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ರೇಷ್ಮೆ ಬೆಳೆ ಇಳಿದು ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಹುಳು ಸಾಕಿದ ಮನೆ ಖಾಲಿಯಾಗುತ್ತದೆ. ಅದನ್ನು ಗುಡಿಸಿ ತೊಳೆದು, ಗೋಡೆ, ಸೂರು, ತಟ್ಟೆ, ಸ್ಟ್ಯಾಂಡು ಎಲ್ಲಕ್ಕೂ ಬ್ಲೀಚಿಂಗ್ ಮತ್ತು ಸುಣ್ಣದ ನೀರು ಹೊಡೆದು ಬಾಗಿಲು ಮುಚ್ಚಬೇಕು. ಹಿಂದಿನ ಬೆಳೆಯ ರೋಗ ಒಂದು ಮೂಲೆಯಲ್ಲಿ ಉಳಿದರೂ ಸಾಕು, ಮುಂದಿನ ಬೆಳೆಗೆ ಚಾಕಿ ಹುಳು, ಅಂದರೆ ಎಳೆಯ ಮರಿಹುಳು, ತಂದು ಬಿಟ್ಟು, ಸೊಪ್ಪು ಹಾಕಿ ಹಾಕಿ, ಕೊನೆಗೆ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹಾಲುತೊಂಡೆಯೋ ಸಪ್ಪೆರೋಗವೋ ಬಂದು ಎಲ್ಲವನ್ನೂ ತಿಪ್ಪೆಗೆ ಸುರಿಯಬೇಕಾಗುತ್ತದೆ. ಈಗ ಮನೆಯಲ್ಲಿ ಕೈ ಕಡಿಮೆ, ಹಾಗಾಗಿ ಈ ಕೆಲಸಕ್ಕೆ ನಮ್ಮಂಥವರನ್ನು ಕರೆಸುತ್ತಾರೆ. ಯಜಮಾನರು ಔಷಧಿ ಹೊಡೆಯುತ್ತಾರೆ. ನಾನು ನೀರು ತುಂಬುವುದು, ಕದಡುವುದು, ಪೈಪು ಎಲ್ಲೂ ಮಡಚದಂತೆ ಹಿಡಿದುಕೊಳ್ಳುವುದು. ಉಯ್ಯಂಬಳ್ಳಿ ಕಡೆಗೂ ಹೋಗಿದ್ದೇವೆ, ಚನ್ನಪಟ್ಟಣದ ಕಡೆಗೂ ಹೋಗಿದ್ದೇವೆ. ಹೆಚ್ಚಾಗಿ ಮಾಗಡಿ ಸೀಮೆಯೇ.

ಹುಳುಮನೆ ಊರಿನೊಳಗೆ ಇರುವುದು ಕಡಿಮೆ. ತೋಟದ ಅಂಚಿನಲ್ಲಿ ಒಂಟಿಯಾಗಿರುತ್ತದೆ. ಹುಳು ಇರುವಾಗ ಇಲಿ, ಅಳಿಲು, ಕೋಳಿ ಯಾವುದೂ ಹತ್ತಿರ ಸುಳಿಯಬಾರದು, ಗುರುತಿಲ್ಲದ ಮನುಷ್ಯರೂ ಬರಬಾರದು. ಅದಕ್ಕೆಂದೇ ಅಲ್ಲೊಂದು ನಾಯಿ ಸಾಕಿರುತ್ತಾರೆ. ಹುಳು ಇಲ್ಲದ ದಿನಗಳಲ್ಲೂ ಅದು ಅದೇ ಬಾಗಿಲು ಕಾಯುತ್ತದೆ. ಒಳಗೇನಿದೆ, ಏನಿಲ್ಲ ಅದಕ್ಕೆ ಹೇಗೆ ಗೊತ್ತಾಗಬೇಕು?

ಇಷ್ಟು ವರ್ಷ ಬೇರೆಯವರ ತೋಟಗಳಿಗೆ ಹೋಗಿ ಬಂದು ನಾವೂ ಒಂದಷ್ಟು ರೂಢಿ ಮಾಡಿಕೊಂಡಿದ್ದೇವೆ. ಮೊಪೆಡ್ಡನ್ನು ತಿರುವಿನಲ್ಲೇ ನಿಲ್ಲಿಸುತ್ತೇವೆ, ಹಾರನ್ ಹೊಡೆಯುವುದಿಲ್ಲ. ಬೇಲಿಯ ಹೊರಗಿಂದ "ಯಾರವ್ರೆ ಮನೇಲಿ, ನಾಯಿ ಕಟ್ಟಿದೀರಾ?" ಎಂದು ಕೂಗಿ, ಮನೆಯವರ ಮುಖ ಕಂಡ ಮೇಲೆಯೇ ಒಳಗೆ ಕಾಲಿಡುವುದು. ಔಷಧಿ ಹೊಡೆಯುವ ಉದ್ದ ಕಡ್ಡಿಯನ್ನು ನೆಲಕ್ಕೆ ಮುಖ ಮಾಡಿಯೇ ಹಿಡಿಯಬೇಕು. ಎತ್ತಿ ಹಿಡಿದರೆ ನಾಯಿಯ ಕಣ್ಣಿಗೆ ಅದು ದೊಣ್ಣೆ. ಮರಿ ಹಾಕಿದ ನಾಯಿಯಿದ್ದರೆ ಅವತ್ತಿನ ಕೆಲಸ ಬಿಟ್ಟು ವಾಪಸು ಬರುವುದೇ ವಾಸಿ, ಒಂದೆರಡು ಸಲ ಹಾಗೆ ಬಂದದ್ದೂ ಉಂಟು. ಯಜಮಾನರ ಅಂಗಿ ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣ ಇದ್ದೇ ಇರುತ್ತದೆ. ಆದರೆ ಎಲ್ಲಕ್ಕಿಂತ ದೊಡ್ಡದು ವೇಷದ ವಿಷಯ. ಬ್ಲೀಚಿಂಗ್ ಹೊಡೆಯುವಾಗ ಮಳೆಕೋಟು, ಮೊಣಕಾಲವರೆಗೆ ಬರುವ ಬೂಟು, ಕೈಗೆ ಗ್ಲೌಸು, ಕಣ್ಣಿಗೆ ದೊಡ್ಡ ಕನ್ನಡಕ, ಮೂಗು ಬಾಯಿಗೆ ಹಂದಿಮೂತಿಯಂಥ ಮಾಸ್ಕು ಹಾಕಿಕೊಳ್ಳಬೇಕು. ಅದನ್ನು ಹುಳುಮನೆಯ ಒಳಗೆ ಹೋಗಿ ಹಾಕಿಕೊಂಡು, ಒಳಗೇ ಬಿಚ್ಚಿ ಹೊರಗೆ ಬರಬೇಕು. ವೇಷ ಹಾಕಿದ ಮನುಷ್ಯನ ಮುಖ ಕಾಣುವುದಿಲ್ಲ, ದನಿ ತಿಳಿಯುವುದಿಲ್ಲ, ಬ್ಲೀಚಿಂಗ್ ಘಾಟಿಗೆ ಮೈವಾಸನೆಯೂ ಮುಚ್ಚಿಹೋಗುತ್ತದೆ. ನಾಯಿ ಇನ್ನು ಯಾವುದರಿಂದ ಗುರುತು ಹಿಡಿದೀತು?

ಅವತ್ತು ಹೋಗಿದ್ದ ಮನೆ ಹೊಸದಲ್ಲ. ವಯಸ್ಸಾದ ಅಜ್ಜಿ, ಮದುವೆಯಾಗದ ಅವರ ಮಗ, ಇಬ್ಬರೇ ಬೆಳೆ ತೆಗೆಯುತ್ತಾರೆ. ಅವರ ಕೆಂದನೆಯ ನಾಯಿ ಮರಿಯಾಗಿದ್ದಾಗಿನಿಂದ ನಮಗೆ ಗೊತ್ತು. ಬೆಳಿಗ್ಗೆ ಯಜಮಾನರ ಕೈಯಿಂದ ಬಿಸ್ಕತ್ತು ತಿಂದು, ಬಾಲ ಆಡಿಸಿ, ಹೊಂಗೆ ಮರದ ಕೆಳಗೆ ಮಲಗಿತ್ತು. ಅಷ್ಟು ಬಳಕೆ ಇದ್ದುದರಿಂದಲೇ ಕಟ್ಟಿ ಎಂದು ನಾವೂ ಹೇಳಲಿಲ್ಲ, ಅವರೂ ಕಟ್ಟಲಿಲ್ಲ.

"ಥೇಟು ರಾಕೆಟ್ಟಲ್ಲಿ ಹೋಯ್ತಾರಲ್ಲ, ಅವ್ರಂಗೆ ಕಾಣ್ತೀಯ ಕಣ್ಲಾ ಮಗ," ಎಂದು ಅಜ್ಜಿ, ಒಳಗೆ ವೇಷ ಹಾಕಿಕೊಂಡಿದ್ದ ಯಜಮಾನರನ್ನು ಬಾಗಿಲ ಸಂದಿಯಿಂದ ಇಣುಕಿ ನೋಡಿ ನಕ್ಕರು.

"ಬರ್ತೀಯಾ ಅಜ್ಜಿ, ಒಸಿ ಚಂದ್ರನ್ ತಾವ ಹೋಗ್ಬರಾನ?" ಒಳಗಿನಿಂದ ಇವರ ದನಿ ಗುಡಾಣದಲ್ಲಿ ಮಾತಾಡಿದಂತೆ ಬಂತು.

"ಅಲ್ಲಿ ಎಲೆಅಡಿಕೆ ಸಿಕ್ತದಾ ಕೇಳ್ಕಂಡು ಬಾ, ಆಮ್ಯಾಕೆ ನೋಡಾನ."

ಅರ್ಧ ಮನೆ ಆಗಿತ್ತು. ಸುಣ್ಣದ ಗಸಿ ಸಿಕ್ಕಿ ಕಡ್ಡಿಯ ತೂತು ಕಟ್ಟಿಕೊಂಡಿತು. ಇದು ಆಗುವುದೇ. ಇವರು ಕೂಗಿದರೆ ನಾನು ಬಾಗಿಲಿಗೆ ಹೋಗಿ ಕಡ್ಡಿ ಇಸಿದುಕೊಂಡು, ಪಿನ್ನಿನಿಂದ ಬಿಡಿಸಿ, ತೊಳೆದು ಕೊಡುತ್ತೇನೆ. ಆಗ ನಾನು ತೊಟ್ಟಿಯ ಹತ್ತಿರ ನೀರು ತುಂಬುತ್ತಿದ್ದೆ. ಪಕ್ಕದಲ್ಲೇ ಬೋರ್‌ವೆಲ್ಲಿನ ನೀರು ಧೋ ಎಂದು ಬೀಳುತ್ತಿತ್ತು. ಕೂಗಿದ್ದು ಕೇಳಿಸಲಿಲ್ಲ. ಎರಡು ಸಲ ಕೂಗಿ ಬೇಸತ್ತು, ಇವರು ಹಾಕಿದ ವೇಷದಲ್ಲೇ, ನೀರು ತೊಟ್ಟಿಕ್ಕುವ ಕಡ್ಡಿಯನ್ನು ಎತ್ತಿ ಹಿಡಿದು ಹೊರಗೆ ಬಂದುಬಿಟ್ಟರು.

ನಾನು ತಿರುಗಿ ನೋಡುವಷ್ಟರಲ್ಲಿ ನಾಯಿ ಎದ್ದು ಓಡಿತ್ತು. ಬೊಗಳಲೂ ಇಲ್ಲ. ಬೂಟಿನ ಮೇಲ್ಗಡೆ, ಮಂಡಿಯ ಹಿಂದಕ್ಕೆ ಬಾಯಿ ಹಾಕಿತು. ಇವರು "ಏಯ್, ನಾನು ಕಣೋ, ನಾನು!" ಎಂದು ಕೂಗುತ್ತಿದ್ದರು. ಮಾಸ್ಕಿನೊಳಗಿನ ಆ ದನಿ ನನಗೇ ಇವರದೆಂದು ತಿಳಿಯುತ್ತಿರಲಿಲ್ಲ. ಕೊನೆಗೆ ಮಾಸ್ಕು ಕಿತ್ತೆಸೆದರು. ನಾಯಿ ಮುಖ ನೋಡಿತು. ಹಿಡಿದದ್ದನ್ನು ಬಿಟ್ಟು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಬಾಲವನ್ನು ಕಾಲ ಸಂದಿಗೆ ಸಿಕ್ಕಿಸಿಕೊಂಡು ಹೋಗಿ ಹೊಂಗೆ ಮರದ ಹಿಂದೆ ಕೂತಿತು. ಅದನ್ನು ಹೊಡೆಯಲು ಕೈಗೆ ಕೋಲು ತೆಗೆದುಕೊಂಡಿದ್ದ ನಾನು ಅಲ್ಲೇ ಹಾಕಿಬಿಟ್ಟೆ.

ಮಳೆಕೋಟು ಹರಿದಿತ್ತು. ಪ್ಯಾಂಟು ಸುತ್ತಿ ನೋಡಿದರೆ ಹಲ್ಲು ಇಳಿದು ರಕ್ತ ಬರುತ್ತಿತ್ತು.

ಅಜ್ಜಿ ಓಡಿ ಬಂದವರು ನಮ್ಮ ಬಕೆಟ್ಟಿನಿಂದಲೇ ಒಂದು ಹಿಡಿ ಸುಣ್ಣ ತೆಗೆದುಕೊಂಡರು. "ಇದ್ನ ಅಮುಕ್ಬುಡು ಮಗ, ನಂಜು ಮ್ಯಾಕೆ ಏರಕ್ಕಿಲ್ಲ."

"ಸುಣ್ಣ ಯಾಕಜ್ಜಿ, ಬ್ಲೀಚಿಂಗ್ ನೀರೇ ಐತಲ್ಲ," ಎಂದು ಇವರು ಚೊಂಬಿಗೆ ಕೈ ಹಾಕಿದರು. "ಹಾಲುತೊಂಡೆನೇ ಸಾಯ್ತದೆ ಇದ್ರಲ್ಲಿ, ನಾಯಿ ನಂಜು ಯಾವ ಲೆಕ್ಕ?"

ಹುಳುವಿನ ರೋಗಕ್ಕೆ ಆಗುವ ಔಷಧಿ ಮನುಷ್ಯರ ಗಾಯಕ್ಕೂ ಆಗುತ್ತದೆ ಎಂದು ನಮ್ಮ ಕಸುಬಿನವರಿಗೆ ಅನ್ನಿಸುವುದು ಹೀಗೆ. ನಾನು ಚೊಂಬು ಕಿತ್ತುಕೊಂಡೆ. "ಗೋಡೆಗೆ ಹೊಡ್ಯೋದ ಮೈಗೆ ಸುರ್ಕತೀರಾ? ಸುಮ್ಕೆ ಬಂದು ಇಲ್ಲಿ ಕುಂತ್ಕಳಿ." ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಅಲ್ಲಿದ್ದ ಸೋಪನ್ನೇ ಹಚ್ಚಿ, ಬೀಳುವ ನೀರಿಗೆ ಕಾಲು ಹಿಡಿಸಿ ತೊಳೆದೆ. ಸಾಕು ಸಾಕು ಎಂದು ಅಜ್ಜಿ ಹೇಳಿದ ಮೇಲೂ ತೊಳೆದೆ. ಇವರು ಹಲ್ಲು ಕಚ್ಚಿಕೊಂಡು, "ಇವ್ಳು ತಿಕ್ಕೋದ್ಕಿಂತ ಆ ನಾಯಿ ಕಚ್ಚಿದ್ದೇ ವಾಸಿ ಕಣಜ್ಜಿ" ಎಂದರು.

ಹುಲ್ಲಿನ ಹೊರೆ ಇಳಿಸಿ ಅಜ್ಜಿಯ ಮಗ ಬಂದರು. ನಾಯಿಗೆ ಚುಚ್ಚುಮದ್ದು ಹಾಕಿಸಿದೀರಾ ಎಂದು ಕೇಳಿದೆ.

"ಇಲ್ಲ ಕಣಕ್ಕ. ಊರಿಗೆ ಬಂದಿದ್ರು ಹಾಕಾಕೆ. ಇದು ತ್ವಾಟದಾಗೆ ಇತ್ತು, ಕೈಗೆ ಸಿಕ್ನಿಲ್ಲ. ನಾನೂ ಹಂಗೇ ಬುಟ್ಬುಟ್ಟೆ."

ಹಾಗಿದ್ದರೆ ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದೆ. ಇವರಿಗೆ ಮಾತ್ರ ಏನೂ ಅನ್ನಿಸಿರಲಿಲ್ಲ. ಮನೆ ನಾಯಿ, ಬೆಳಿಗ್ಗೆ ತಾನೇ ಕೈಯಿಂದ ತಿಂದಿದೆ, ಹುಚ್ಚು ಹಿಡಿದದ್ದಲ್ಲ, ಗುರುತು ಸಿಗದೆ ಕಚ್ಚಿದೆ, ತಪ್ಪು ತನ್ನದೇ ಎಂದು ನಾಯಿಯ ಪರವಾಗಿಯೇ ಮಾತಾಡುತ್ತಿದ್ದರು. ಕಾಲಿಗೆ ಬಟ್ಟೆ ಕಟ್ಟಿಕೊಂಡು ಇದನ್ನು ಮುಗಿಸಿ, ಮಧ್ಯಾಹ್ನ ಇನ್ನೊಂದು ಮನೆಗೆ ಹೋಗಿ, ಬಿಡುವಾದರೆ ಸಂಜೆ ನೋಡೋಣ ಎಂಬುದು ಇವರ ಲೆಕ್ಕ. ಹೇಳಿ ಕಳಿಸಿದಂತೆ ಆ ಇನ್ನೊಂದು ಮನೆಯ ರೈತರ ಫೋನೂ ಬಂತು.

"ಎಷ್ಟೊತ್ಗಪ್ಪ ಬತ್ತೀರಾ? ಚಾಕಿ ಕೇಂದ್ರದೋರು ಈ ವಾರನೇ ಹುಳ ಕೊಡ್ತೀವಿ ಅಂತ ಕುಂತವ್ರೆ."

"ಬತ್ತೀನಿ ಕಣಣ್ಣ, ಒಸಿ ತಡ ಆಯ್ತದೆ," ಎನ್ನುತ್ತಿದ್ದಂತೆ ಫೋನು ಕಸಿದುಕೊಂಡೆ. ಹಾಗೆ ನಾನು ಮಾಡುವವಳಲ್ಲ.

"ಅಣ್ಣ, ಇವ್ರಿಗೆ ನಾಯಿ ಕಚ್ಚೈತೆ. ಆಸ್ಪತ್ರೆಗೆ ಹೋಯ್ತಾ ಇದೀವಿ. ಇವತ್ತು ಬರಕ್ಕಾಗಲ್ಲ."

"ಅಯ್ಯೋ, ಒಸಿ ಬಟ್ಟೆ ಕಟ್ಕಂಡು ಬರ್ರಕ್ಕ. ನಾಯಿ ತಾನೆ, ಚಿರತೆ ಅಲ್ವಲ್ಲ."

"ಇವತ್ತು ಆಗಲ್ಲ ಅಣ್ಣ."

"ಹಂಗಾದ್ರೆ ಬ್ಯಾರೆಯೋರ್ನ ಕರ್ಸ್ಕತೀನಿ, ಆಮೇಲೆ ಬೇಜಾರ್ ಮಾಡ್ಕಬ್ಯಾಡಿ."

"ಕರ್ಸ್ಕಳಿ ಅಣ್ಣ," ಎಂದು ಫೋನಿಟ್ಟೆ. ಇವರು ನನ್ನ ಮುಖ ನೋಡಿದರು. ವರ್ಷಕ್ಕೆ ಐದಾರು ಬೆಳೆ ತೆಗೆಯುವ ಮನೆ ಅದು. ಗೊತ್ತಿದ್ದೇ ಹೇಳಿದ್ದೆ.

ನನ್ನ ತವರಿನಲ್ಲಿ ತೆಂಗಿನಕಾಯಿ ಕೀಳುವವರೊಬ್ಬರಿದ್ದರು. ನಾನಾಗ ಇನ್ನೂ ಲಂಗ ಉಡುವ ವಯಸ್ಸಿನವಳು. ಯಾರದೋ ತೋಟದಲ್ಲಿ ಮರದಿಂದ ಇಳಿಯುವಾಗ ನಾಯಿ ಕಚ್ಚಿತು. ಸಣ್ಣ ಗಾಯ, ಒಂದು ವಾರಕ್ಕೆ ಮಾಯಿತು. ಯಾರೋ ಕೊಟ್ಟ ಬೇರು ಅರೆದು ಕುಡಿದು, ಮೊದಲಿನಂತೆ ಮರ ಹತ್ತಿಕೊಂಡಿದ್ದರು. ಎಲ್ಲರೂ ಮರೆತ ಮೇಲೆ ಒಂದು ದಿನ ನಮ್ಮ ಜಗಲಿಗೆ ಬಂದು ನೀರು ಕೇಳಿದರು. ನಮ್ಮವ್ವ ಚೊಂಬು ಹಿಡಿದು ಬಂದರೆ, ಕೇಳಿದ ಮನುಷ್ಯರೇ ಅದನ್ನು ನೋಡಿ ಹಿಂದಕ್ಕೆ ಹಿಂದಕ್ಕೆ ಸರಿದು ಜಗಲಿಯಿಂದ ಬಿದ್ದರು. ಅವರು ಉಳಿಯಲಿಲ್ಲ. ಆ ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡ ಮೇಲೆ ಯಾರಿಂದಲೂ ಏನೂ ಮಾಡಲಾಗುವುದಿಲ್ಲವಂತೆ. ಅದನ್ನೆಲ್ಲ ಇವರಿಗೆ ಬಿಡಿಸಿ ಹೇಳುವ ತ್ರಾಣ ನನಗಿರಲಿಲ್ಲ. "ಎದ್ದೇಳಿ," ಎಂದೆ ಅಷ್ಟೆ.

"ಅರ್ಧ ಹೊಡ್ದು ಅರ್ಧ ಬುಟ್ಟು ಹೋದ್ರೆ ಏನ್ ಬಂತೇ? ಇನ್ನೊಂದು ಗಳಿಗೆ ಕ್ಯಾಮೆ."

ಆಗ ನನ್ನ ನೆರವಿಗೆ ಬಂದವರು ಅಜ್ಜಿ. "ಬ್ಯಾಡ ಕಂದ. ರಗತ ಸುರ್ಯೋ ಕಾಲ್ನ ಹುಳಿನ ಮನೆಗೆ ಇಕ್ಬ್ಯಾಡ. ಹುಳ ಒಪ್ಪಕ್ಕಿಲ್ಲ. ಹೋಗು, ಸೂಜಿ ಹಾಕ್ಸ್ಕಂಡು ಬಾ." ನನ್ನ ಮಾತಿಗೆ ಏಳದ ಮನುಷ್ಯ ಹುಳುವಿನ ಹೆಸರು ಕೇಳಿದ ಮೇಲೆ ಎದ್ದರು.

ಮೊಪೆಡ್ಡು ನಾನು ಓಡಿಸಿದೆ. ಔಷಧಿ ಹೊಡೆಯುವ ಮಷಿನ್ನು, ಡಬ್ಬ ಎಲ್ಲ ಅಲ್ಲೇ ಬಿಟ್ಟು, ಹಿಂದೆ ಇವರನ್ನು ಕೂರಿಸಿಕೊಂಡು ಮಾಗಡಿವರೆಗೆ ಹೋಗುವಾಗ ದಾರಿಯುದ್ದಕ್ಕೂ "ಹಳ್ಳ ನೋಡು, ಬ್ರೇಕು ಹಿಡಿ, ಬಸ್ಸು ಬತ್ತೈತೆ" ಎಂದು ಹೇಳುತ್ತಲೇ ಇದ್ದರು. ಕಾಲಿನ ನೋವು ನನ್ನ ಡ್ರೈವಿಂಗಿನ ಮುಂದೆ ಮರೆತುಹೋಯಿತೇನೋ.

ಆಸ್ಪತ್ರೆಯಲ್ಲಿ ನರ್ಸಮ್ಮ ಗಾಯ ನೋಡಿ, ಸೋಪಿನಲ್ಲಿ ತೊಳೆದಿದ್ದೀರಾ, ಅರಿಶಿನ ಗಿರಿಶಿನ ಏನಾದರೂ ಮೆತ್ತಿದ್ದೀರಾ ಎಂದು ಕೇಳಿದರು. ಏನೂ ಮೆತ್ತಿಲ್ಲ ಎಂದದ್ದಕ್ಕೆ ಒಳ್ಳೆಯದಾಯಿತು ಎಂದರು. ಡಾಕ್ಟರು ನೋಡಿ ಬರೆದುಕೊಟ್ಟ ಮೇಲೆ ಗಾಯದ ಸುತ್ತ ಚುಚ್ಚಿದರು, ತೋಳಿಗೂ ಚುಚ್ಚಿದರು. ಬ್ಲೀಚಿಂಗ್ ಘಾಟಿಗೆ ಹೆದರದ ಮನುಷ್ಯ ಸೂಜಿ ನೋಡಲಾರದೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ನಾಯಿ ಒಂದೇ ಸಲ ಕಚ್ಚಿದ್ದು ಕಣ್ ಸಿಸ್ಟರ್, ನೀವು ಸುತ್ತಾನೂ ಕಚ್ತಾ ಇದೀರಲ್ಲ."

"ಆ ನಾಯಿಗೆ ಮೊದ್ಲೇ ಚುಚ್ಸಿದ್ರೆ ನಿಮಗ್ಯಾಕೆ ಚುಚ್ತಿದ್ವಿ? ಅಲ್ಲಾಡ್ಬೇಡಿ."

ಮುಂದಿನ ಸೂಜಿಗಳಿಗೆ ಬರಬೇಕಾದ ದಿನಗಳನ್ನು ಹೇಳಿ, ನಾಯಿ ಚೆನ್ನಾಗಿದ್ದರೂ ಒಂದನ್ನೂ ತಪ್ಪಿಸಬೇಡಿ ಎಂದರು. ನಾಯಿಯನ್ನು ಕಟ್ಟಿಹಾಕಿ, ಅನ್ನ ನೀರು ತೆಗೆದುಕೊಳ್ಳುತ್ತದೆಯೇ ಎಂದು ದಿನಾ ನೋಡುತ್ತಿರಬೇಕು, ಹೊಡೆದು ಹಾಕುವುದಾಗಲಿ ಎಲ್ಲೋ ಬಿಟ್ಟು ಬರುವುದಾಗಲಿ ಮಾಡಬಾರದು ಎಂದೂ ಹೇಳಿದರು. ಊಟಕ್ಕೆ ಪಥ್ಯ ಏನು ಎಂದು ಕೇಳಿದೆ. ಏನೂ ಇಲ್ಲ, ದಿನಾ ಏನು ತಿನ್ನುತ್ತೀರೋ ಅದನ್ನೇ ತಿನ್ನಿ ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ನನ್ನ ಪಾಲಿನ ಕಡಲೆಬೀಜವನ್ನೂ ಇವರ ಕಡೆ ಸರಿಸಿದೆ.

ಮಷಿನ್ನು ತರಲು ತಿರುಗಿ ಹೋದರೆ ಅಲ್ಲಿ ಇನ್ನೊಂದು ಕತೆ. ಅಜ್ಜಿಯ ಮಗ ಬೈಕಿನ ಹಿಂದೆ ಗೋಣಿಚೀಲವೊಂದನ್ನು ಕಟ್ಟುತ್ತಿದ್ದರು. ಚೀಲದೊಳಗೆ ನಾಯಿ ಕುಂಯ್‌ಗುಡುತ್ತಿತ್ತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಬಿಡದಿ ಫ್ಯಾಕ್ಟ್ರಿಗಳ ತಾವ ಬುಟ್ಬತ್ತೀನಿ ಕಣಕ್ಕ. ಅಲ್ಲಿ ಕ್ಯಾಂಟೀನ್ ಅನ್ನ ಬೇಕಾದಂಗೆ ಸಿಕ್ತದೆ. ನಿಮ್ಗೆ ಕಚ್ಚಿರೋ ನಾಯಿನ ಮನೆತಾವ ಇಕ್ಕಂಡು ನಿಮ್ ಮುಖ ಎಂಗೆ ನೋಡ್ಲಿ?"

ಅವರು ನಮಗೆ ಮರ್ಯಾದೆ ಕೊಡಲೆಂದೇ ಹಾಗೆ ಮಾಡುತ್ತಿದ್ದರು. ನಾನು ಓಡಿ ಹೋಗಿ ಬೈಕಿನ ಹ್ಯಾಂಡಲ್ ಹಿಡಿದುಕೊಂಡೆ. "ಅಣ್ಣ, ಆಸ್ಪತ್ರೆಯೋರು ಹೇಳವ್ರೆ, ಅದು ಕಣ್ಮುಂದೆ ಇರ್ಬೇಕು. ಅದು ಎಲ್ಲೋ ಹೋಗ್ಬುಟ್ರೆ ಹೆಂಗಿದೆ ಅಂತ ನಾವ್ಯಾರ್ನ ಕೇಳಾನ? ಫ್ಯಾಕ್ಟ್ರಿಯೋರ್ನ ಕೇಳಾನಾ? ಬಿಚ್ಚಿ ಮೊದ್ಲು."

"ಬಿಚ್ಲಾ, ಬಿಚ್ಲಾ," ಎಂದು ಅಜ್ಜಿ ಮಗನ ಬೆನ್ನಿಗೆ ಗುದ್ದಿದರು. "ನಾನ್ ಹೇಳುದ್ರೆ ಕೇಳ್ದೆ ಹೋದಲ್ಲ. ಆಸ್ಪತ್ರೆಯೋರೇ ಹೇಳವ್ರಂತೆ."

ನಾಯಿಯನ್ನು ಹೊಂಗೆ ಮರಕ್ಕೆ ಗಟ್ಟಿ ಸರಪಳಿ ಹಾಕಿ ಕಟ್ಟಿದರು. ಅಜ್ಜಿ ದೂರದಿಂದಲೇ ಬೋಸಿಯಲ್ಲಿ ನೀರು ತಳ್ಳಿದರು. ಅದು ಲೊಚಲೊಚ ಕುಡಿಯಿತು. ನಾವು ನಾಲ್ಕೂ ಜನ, ಯಾವುದೋ ದೊಡ್ಡ ಸಂಗತಿ ನಡೆಯುತ್ತಿದೆಯೇನೋ ಎಂಬಂತೆ, ಅದು ನೀರು ಕುಡಿಯುವುದನ್ನೇ ನಿಂತು ನೋಡಿದೆವು. ಪೂರ್ತಿ ಕುಡಿದು ಬೋಸಿ ನೆಕ್ಕಿತು.

ಮಿಕ್ಕ ಅರ್ಧ ಮನೆಯನ್ನು ಹಾಗೇ ಬಿಟ್ಟು ಹೋಗುವಂತಿರಲಿಲ್ಲ. ಬೆಳಿಗ್ಗೆ ಹೊಡೆದದ್ದೂ ದಂಡವಾಗುತ್ತಿತ್ತು. ಇವರನ್ನು ಹುಳುಮನೆಗೆ ಅಜ್ಜಿ ಬಿಡುವುದಿಲ್ಲ. ಇಷ್ಟು ವರ್ಷ ಪೈಪು ಹಿಡಿದ ನಾನು ಅವತ್ತು ಕಡ್ಡಿ ಹಿಡಿದೆ.

ಹರಿದ ಕೋಟಿಗೆ ಪಿನ್ನು ಹಾಕಿಕೊಂಡೆ. ನಾಯಿ ಕಟ್ಟಿದ್ದರೂ ನನಗೆ ಧೈರ್ಯ ಸಾಲದು. ಸರಪಳಿ ಎಷ್ಟು ದೂರ ಬರುತ್ತದೆಂದು ನೋಡಿ, ಅದಕ್ಕಿಂತ ಆಚೆ, ಆದರೆ ಅದರ ಕಣ್ಣಿಗೆ ಬೀಳುವ ಹಾಗೆ ನಿಂತು, ಒಳಗೆ ಹಾಕಿಕೊಳ್ಳಬೇಕಾದ ವೇಷವನ್ನು ಅವತ್ತು ಹೊರಗೇ ಹಾಕಿಕೊಂಡೆ. ಮೊದಲು ಬೂಟು. ಮಾತಾಡುತ್ತಾ ಕೋಟು. "ನೋಡಪ್ಪ, ನಾನೇಯ. ಬೆಳಿಗ್ಗೆ ನಿಂಗೆ ಬಿಸ್ಕತ್ತು ಹಾಕಿದ್ರಲ್ಲ, ಅವ್ರ ಜೊತೆ ಬಂದೋಳೇಯ." ಕನ್ನಡಕ ಹಾಕುವವರೆಗೆ ಸುಮ್ಮನಿತ್ತು. ಮಾಸ್ಕು ಏರಿಸಿದಾಗ ಗುರ್ ಎಂದಿತು. ಇಳಿಸಿ ಮಾತಾಡಿದೆ, ಏರಿಸಿದೆ, ಮತ್ತೆ ಇಳಿಸಿದೆ. ಕೊನೆಗೆ ಅದು ಬೇಸರ ಬಂದಂತೆ ತಲೆಯನ್ನು ಮುಂಗಾಲ ಮೇಲಿಟ್ಟುಕೊಂಡಿತು.

"ನಾಯಿಗೆ ಸೀರೆ ಅಂಗಡಿ ತೋರಿಸ್ದಂಗೆ ತೋರಿಸ್ತಾವ್ಳೆ ನೋಡಜ್ಜಿ," ಎಂದು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಇವರು ಹೇಳಿದರು. ಅವತ್ತು ಮಧ್ಯಾಹ್ನದ ಮೇಲೆ ಇವರು ಆಡಿದ ಮೊದಲ ತಮಾಷೆ ಅದು. ನನಗೆ ಅಳು ಬಂತು. ಕನ್ನಡಕ ಇದ್ದುದರಿಂದ ಯಾರಿಗೂ ಕಾಣಲಿಲ್ಲ.

ಒಳಗಿನ ಕೆಲಸ ಹೊರಗಿನಿಂದ ನೋಡಿದಷ್ಟು ಸುಲಭವಲ್ಲ. ಕೈ ಎತ್ತಿ ಸೂರಿನ ಸಂದಿಗೆ ಹೊಡೆಯುವಾಗ ಹೆಗಲು ಕಳಚಿ ಬೀಳುವಂತಾಗುತ್ತದೆ. ಮಾಸ್ಕಿನೊಳಗೆ ನಮ್ಮ ಉಸಿರೇ ನಮಗೆ ಬಿಸಿ. ಸ್ಟ್ಯಾಂಡಿನ ಕಾಲುಗಳ ಬುಡ, ಕಿಟಕಿಯ ಜಾಲರಿ, ಬಾಗಿಲ ಹಿಂಬದಿ, ಇವರು ಯಾವುದನ್ನೂ ಬಿಡುವವರಲ್ಲ, ನಾನೂ ಬಿಡಲಿಲ್ಲ. ಅಜ್ಜಿಯ ಮಗ ನೀರು ತುಂಬಿಕೊಟ್ಟರು. ಮುಗಿದ ಮೇಲೆ ಎಲ್ಲವನ್ನೂ ಹೊಸ್ತಿಲ ಒಳಗೇ ಬಿಚ್ಚಿ, ಬರಿ ಮುಖದಲ್ಲಿ ಹೊರಗೆ ಬಂದೆ. ನಾಯಿ ಎದ್ದು ನಿಂತಿತು, ನೋಡಿತು, ಮಲಗಿತು.

"ದಿನಾ ಬೆಳಿಗ್ಗೆ ಫೋನ್ ಮಾಡಿ ಹೇಳ್ತೀನಿ ಕಣಕ್ಕ, ಉಂಡೈತಾ ಇಲ್ವಾ ಅಂತ," ಎಂದರು ಅಜ್ಜಿಯ ಮಗ. "ಇದು ಹುಷಾರಾಗಿದ್ದು ನಿಮ್ಮೋರ ಸೂಜಿ ಎಲ್ಲ ಮುಗೀಲಿ, ಇದುಕ್ಕೂ ಹಾಕಿಸ್ತೀನಿ."

ಮನೆಗೆ ಬಂದಾಗ ಹಸು ಕೂಗುತ್ತಿತ್ತು. ಹಾಲು ಕರೆಯುವಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಸುದ್ದಿ ಕೇಳಿ ಪಕ್ಕದ ಮನೆಯ ಅಕ್ಕ ಬಂದು, ನಾಯಿ ಕಚ್ಚಿದವರು ಬದನೆಕಾಯಿ ತಿನ್ನಬಾರದು, ಮೊಟ್ಟೆ ಮುಟ್ಟಬಾರದು, ಕನ್ನಡಿ ನೋಡಬಾರದು ಎಂದು ಹೇಳಿ ಹೋದರು. ಹೂಂ ಎಂದೆ. ಮನೆಯಲ್ಲಿ ಇದ್ದದ್ದು ಅವೇ, ಬದನೆಕಾಯಿ ಮತ್ತು ಮೊಟ್ಟೆ. ಬದನೆಕಾಯಿ ಹಾಕಿ ಹುರುಳಿಕಾಳಿನ ಸಾರು ಮಾಡಿ, ಸಣ್ಣ ಮುದ್ದೆ ಕಟ್ಟಿ, ಇವರಿಗೊಂದು ಮೊಟ್ಟೆ ಬೇಯಿಸಿದೆ. ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು. ಊಟವಾದ ಮೇಲೆ ಒಂದು ಚೊಂಬು ನೀರನ್ನು ಎತ್ತಿ ಗಟಗಟ ಕುಡಿದರು. ನಾನು ನೋಡುತ್ತಿದ್ದುದನ್ನು ಕಂಡು, "ಯಾಕೆ, ಹೊಸದಾಗಿ ನೋಡ್ದಂಗೆ ನೋಡ್ತೀಯ?" ಎಂದರು. ಏನಿಲ್ಲ ಎಂದೆ.

ಚಾಪೆಯ ಮೇಲೆ ಇವರ ಕಾಲ ಕೆಳಗೊಂದು ದಿಂಬು ಕೊಟ್ಟು ನಾನೂ ಒರಗಿದೆ. ಕೈ ಬಿಟ್ಟುಹೋದ ಮನೆಯ ರೈತರಿಗೆ ನಾಳೆ ತಾವೇ ಫೋನ್ ಮಾಡುವುದಾಗಿಯೂ, ಮುಂದಿನ ಬೆಳೆಗಾದರೂ ಕರೆಯುತ್ತಾರೆಂದೂ, ಅವರ ನಾಯಿಯೂ ಒಳ್ಳೆಯದೇ ಎಂದೂ ಇವರು ಹೇಳುತ್ತಿದ್ದರು. ಆಮೇಲೇನು ಹೇಳಿದರೋ ಗೊತ್ತಿಲ್ಲ. ದಿನಾ ಮೊದಲು ನಿದ್ದೆ ಹೋಗುವವರು ಇವರು, ಅವತ್ತು ಮೊದಲು ನಿದ್ದೆ ಹೋದವಳು ನಾನು.